ಮಿಸೆಸ್ ತೀರ್ಥೇಶ್ ಅವರ ಹೆಸರು

ಜೂನ್ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ನಾನು ಮಿಸೆಸ್ ಹೋಗಿ ಮಿಸ್ ಆದೆ. ಮಾಡಿದವನು ನಮ್ಮ ಶಾಲೆಯ ಕ್ಲರ್ಕ್ ಯತೀಶ. ಶಿಕಾರಿಪುರದ ಮುಖ್ಯ ಆಫೀಸಿನಲ್ಲಿ ಹೊಸ ಐಡಿ ಕಾರ್ಡನ್ನು ನನ್ನ ಮುಂದಿಟ್ಟು, ಕೇಳದೆಯೇ ಉಪಕಾರ ಮಾಡಿದವನ ಮುಖ ಮಾಡಿಕೊಂಡು ನಿಂತಿದ್ದ.

"ಇದೆಂತ ಯತೀಶ, ಮಿಸ್ ಶಶಿರೇಖಾ ಅಂತಿದೆ?"

"ಹೌದ್ ಮಿಸ್. ಪಿಎಫ್ ನಾಮಿನಿ ಬದಲಿಸ್ಬೇಕು ಅಂತ ಕೋರ್ಟ್ ಆರ್ಡರ್ ಕಾಪಿ ಕೊಟ್ಟಿದ್ರಲ್ಲ. ಗಂಡನ ಹೆಸರು ತೆಗೆದು ನಿಮ್ಮ ತಾಯಿ ಉಚ್ಚಂಗಮ್ಮ ಅಂತ ಹಾಕ್ದೆ. ಹಂಗೇ ಇದನ್ನೂ ಅಪ್‌ಡೇಟ್ ಮಾಡ್ದೆ."

ಐದು ವರ್ಷದ ಮದುವೆ, ಅದರಲ್ಲಿ ಮೂರು ವರ್ಷ ಕೋರ್ಟು. ಏಪ್ರಿಲ್‌ನಲ್ಲಿ ಶಿಕಾರಿಪುರದ ಕೋರ್ಟಿನ ಡೈವೋರ್ಸ್ ಆರ್ಡರ್ ಕೈಗೆ ಬಂದಾಗ ತವರೂರು ಜಡೆಯಲ್ಲಿರುವ ಅಪ್ಪ ಅಮ್ಮನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಯಾರಿಗೆ ಹೇಳಬೇಕು, ಯಾವಾಗ, ಹೇಗೆ ಎಂದು ನಾನಿನ್ನೂ ಯೋಚಿಸುತ್ತಿರುವಾಗಲೇ ಯತೀಶ ಅದನ್ನು ಲ್ಯಾಮಿನೇಟ್ ಮಾಡಿಸಿ ನೀಲಿ ದಾರಕ್ಕೆ ಕಟ್ಟಿದ್ದ.

"ಎರಡೂ ಬೇಡ ಮಾರಾಯ. ಮಿಜ್ ಅಂತ ಒಂದಿದೆ. ಎಮ್ಮು, ಎಸ್ಸು, ಅಷ್ಟೆ. ಮದುವೆ ಆಗಿದ್ಯೋ ಇಲ್ವೋ ಅಂತ ಹೇಳೋದೇ ಇಲ್ಲ ಅದು. ಗಂಡಸರ ಮಿಸ್ಟರ್ ಇದ್ದ ಹಾಗೆ. ಅದನ್ನ ಹಾಕು."

"ಅದು ಮೆಸರ್ಸ್ ಅಲ್ವಾ ಮಿಸ್? ಅಡಿಕೆ ಮಂಡಿ, ಗೊಬ್ಬರದಂಗಡಿ ಹೆಸರಿನ ಮುಂದೆ ಹಾಕ್ತಾರೆ. ನಮ್ಮ ಸಾಫ್ಟ್‌ವೇರ್‌ನಾಗೆ ಇರೋದು ಮೂರೇ ಆಪ್ಷನ್ನು."

ಕಾರ್ಡು ಕೊರಳಿಗೆ ಹಾಕಿಕೊಂಡು ಹೊರಗೆ ಬಂದೆ. ಇನ್ನೇನು ಮಾಡಲಿ?

ನನಗೆ ಸಿಟ್ಟು ಬರುವುದಕ್ಕೆ ಕಾರಣವೇ ಬೇಕಿಲ್ಲ ಎಂದು ಅಮ್ಮ ಹೇಳುತ್ತಾಳೆ. ಇದಕ್ಕೆ ಕಾರಣವಿತ್ತು. ಗಂಡಸು ಮದುವೆಯಾಗಲಿ, ಬಿಡಲಿ, ಹೆಂಡತಿ ತೀರಿಕೊಳ್ಳಲಿ, ಬಿಟ್ಟುಹೋಗಲಿ, ಅವನು ಮಿಸ್ಟರೇ. ನಮಗೆ ಮಾತ್ರ ಬಸ್ಸಿನ ಬೋರ್ಡು. ಎಲ್ಲಿಂದ ಬಂದಿದ್ದು, ಎಲ್ಲಿಗೆ ಹೊರಟಿದ್ದು, ಸೀಟು ಖಾಲಿ ಇದೆಯೋ ಇಲ್ಲವೋ ಎಂದು ದಾರಿಯಲ್ಲಿ ನಿಂತವರಿಗೆಲ್ಲ ಗೊತ್ತಾಗಬೇಕು. ಶಾಲೆಯಲ್ಲಂತೂ ಇನ್ನೂ ಚೆಂದ. ಮೊನ್ನೆ ಸೇರಿದ ಪಿಟಿ ಮಾಸ್ತರಿಗೆ ಮೀಸೆ ಸರಿಯಾಗಿ ಬಂದಿಲ್ಲ, ಅವನು ಸರ್. ನಮ್ಮ ಎಚ್.ಎಂ. ರಾಜೇಶ್ವರಮ್ಮ ಮೊಮ್ಮಗನನ್ನು ಎಲ್‌ಕೆಜಿಗೆ ಸೇರಿಸಲು ಕೈಹಿಡಿದು ಬಂದರೂ ಮಿಸ್. ಮಕ್ಕಳನ್ನು ಬೈಯಲಾರೆ, ಅವರಿಗೆ ಹೇಳಿಕೊಟ್ಟವರು ನಾವೇ.

ಅವತ್ತಿನ ಟೀಚರ್ಸ್ ಮೀಟಿಂಗ್ ಹಾಲಿನಲ್ಲಿ ತೀರ್ಥೇಶ್ ಸರ್ ನನ್ನ ಪಕ್ಕದ ಕುರ್ಚಿಯಲ್ಲಿದ್ದರು. ನಾವಿಬ್ಬರೂ ಶಾಲೆಯ ಸೊರಬದ ಬ್ರಾಂಚಿನಲ್ಲಿ ಪಾಠ ಮಾಡುವವರು, ಅವರದು ವಿಜ್ಞಾನ, ನನ್ನದು ಗಣಿತ. ಅವರು ನನ್ನ ಕಾರ್ಡು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಆಮೇಲೆ ಗಡಬಡಿಸಿ ಕಿಟಕಿಯ ಹೊರಗೆ ನೋಡತೊಡಗಿದರು. ಕಿವಿಯ ತುದಿ ಕೆಂಪಾಗಿತ್ತು.

"ಎಂತ ನೋಡ್ತಿದೀರಿ ಸರ್?"

"ಫೋಟೋ ಚೆನ್ನಾಗಿ ಬಂದದೆ ರೀ."

"ಹೋದ ವರ್ಷದ್ದೇ ಫೋಟೋ."

"ಹಂಗಾದ್ರೆ ಹೋದ ವರ್ಷಾನೂ ಚೆನ್ನಾಗೇ ಇತ್ತು. ಹೇಳೋಕೆ ಧೈರ್ಯ ಇರ್ಲಿಲ್ಲ."

ನಗು ಬಂತು. ಬಂದ ನಗುವನ್ನು ಹಲ್ಲು ಕಚ್ಚಿ ತಡೆದೆ. ಮನೆಯಲ್ಲಿ ಹೆಂಡತಿ ಇಟ್ಟುಕೊಂಡು ಇದೇನು ಮಾತು ಎಂದು ಅವರ ಮೇಲೆ, ಅದಕ್ಕೆ ನಗು ಬರುವುದೇನು ಎಂದು ನನ್ನ ಮೇಲೆ, ಒಟ್ಟಿಗೇ ಸಿಟ್ಟು ಬಂತು.

ಹೆಂಡತಿ ಇದ್ದಾಳೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಮೂವತ್ತೆಂಟು ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಡಬ್ಬಿಯಲ್ಲಿ ಅಂಚು ಕೂಡ ಕಪ್ಪಾಗದ ಚಪಾತಿ. ಇಷ್ಟು ಸಾಕಾಗಿತ್ತು. ಎರಡು ವರ್ಷದಿಂದ ಒಂದೇ ಬಸ್ಸಿನಲ್ಲಿ ಸೊರಬಕ್ಕೆ ಹೋಗುತ್ತಿದ್ದೆವು. ನಾನು ಶಿಕಾರಿಪುರದಲ್ಲೇ ಹತ್ತುತ್ತಿದ್ದೆ, ಉಡುತಡಿಯವರಾದ ಅವರು ಶಿರಾಳಕೊಪ್ಪದಲ್ಲಿ ಹತ್ತುತ್ತಿದ್ದರು. ಬ್ಯಾಗಿಟ್ಟು ಅವರಿಗೆ ಸೀಟು ಹಿಡಿಯುತ್ತಿದ್ದೆ, ಆದರೆ ಯಾವಾಗಲೂ ನನ್ನ ಹಿಂದಿನ ಸೀಟು. ಪಕ್ಕದ ಸೀಟು ಆ ಚಪಾತಿ ಲಟ್ಟಿಸುವವಳದು ಎಂದು ಮನಸ್ಸಿನಲ್ಲೇ ಬಿಟ್ಟುಕೊಟ್ಟಿದ್ದೆ. ಒಮ್ಮೆ ಜಡೆಯಿಂದ ಮಿಡಿ ಉಪ್ಪಿನಕಾಯಿ ತಂದಾಗ "ನಿಮ್ಮ ಮಿಸೆಸ್ಸಿಗೂ ಇರ್ಲಿ" ಎಂದು ಎರಡನೇ ಬಾಟಲಿ ಕೊಟ್ಟಿದ್ದೆ. ಅವರು ಒಂದು ಥರ ನೋಡಿ, ಏನೂ ಹೇಳದೆ, ತೆಗೆದುಕೊಂಡಿದ್ದರು. ಆ ದಿನ ಮನೆಗೆ ಹೋಗಿ ಸುಮ್ಮನೆ ಕೂತು ಅತ್ತಿದ್ದೆ.

ಸೊರಬದ ಬ್ರಾಂಚಿನ ಹೊಸ ಕಟ್ಟಡ ಆಗಸ್ಟಿಗೆ ಮುಗಿಯುವುದಿತ್ತು. ಅದರ ಜೊತೆಗೆ ಬ್ರಾಂಚಿಗೆ ಒಬ್ಬ ಇನ್‌ಚಾರ್ಜ್. ಅದು ನನಗೇ ಸಿಗುತ್ತದೆ ಎಂದುಕೊಂಡಿದ್ದೆ. ಟೈಮ್‌ಟೇಬಲ್ ಹಾಕಿದವಳು ನಾನು. ಬೇಸಿಗೆ ರಜೆಯಲ್ಲಿ ಕ್ಯಾಸನೂರಿನ ತನಕ ಮನೆಮನೆಗೆ ಹೋಗಿ, ಕೊಟ್ಟ ಮಜ್ಜಿಗೆ ಕುಡಿದು, ಮಕ್ಕಳನ್ನು ಸೇರಿಸಿದವಳು ನಾನು. ಆ ಶಾಲೆಯನ್ನು ನನ್ನದೆಂದೇ ತಿಳಿದಿದ್ದೆ. ಮದುವೆಯಲ್ಲಿ ಕಳೆದುಕೊಂಡ ಎಲ್ಲದರ ನಂತರ ನನ್ನದು ಅಂತ ಉಳಿದದ್ದು ಅದೊಂದೇ.

ಜುಲೈ ಕೊನೆಯಲ್ಲಿ, ಶಾಲೆ ನಡೆಸುವ ಟ್ರಸ್ಟಿನ ಸೆಕ್ರೆಟರಿ ಸದಾಶಿವಪ್ಪ ಕರೆಸಿದರು.

"ನೋಡಮ್ಮಾ, ಕೆಲಸದಾಗೆ ನಿನ್ನ ಬಿಟ್ರಿಲ್ಲ. ಆದ್ರೆ ಇನ್‌ಚಾರ್ಜ್ ಅಂದ್ರೆ ಪೋಷಕರು ದಿನಾ ಬರ್ತಾರೆ, ಹೋಗ್ತಾರೆ. ಬಾಗಿಲ ಮೇಲೆ ಮಿಸ್ ಅಂತ ಬೋರ್ಡು. ವಯಸ್ಸು ನೋಡಿದ್ರೆ ಮೂವತ್ನಾಲ್ಕು. ಯಾಕೆ, ಏನು ಅಂತ ಕೇಳ್ತಾರೆ. ಸಂಸಾರಸ್ಥರು ಕೂತಿದ್ರೆ ಅದಕ್ಕೊಂದು ತೂಕ. ತೀರ್ಥೇಶ್ ಅವ್ರಿಗೆ ಕೊಡೋಣ ಅಂತ."

"ಯಾವ ಪೋಷಕರು ಕೇಳಿದಾರೆ ಸರ್?"

"ಕೇಳ್ತಾರೆ ಅಂತ ಹೇಳ್ದೆ."

ನನಗೆ ‘ನೀನು’, ತೀರ್ಥೇಶರಿಗೆ ‘ಅವ್ರು’. ಅದನ್ನೂ ಗಮನಿಸಿದೆ. ಗಮನಿಸಿ ಏನು ಬಂತು, ಹೊರಗೆ ಬಂದು ನಲ್ಲಿಯ ಹತ್ತಿರ ಮುಖ ತೊಳೆದುಕೊಂಡು ಏಳನೇ ಕ್ಲಾಸಿಗೆ ಭಿನ್ನರಾಶಿ ಹೇಳಲು ಹೋದೆ.

ಆಗಸ್ಟಿನಲ್ಲಿ ಹೊಸ ಕಟ್ಟಡದ ಪ್ರಾರಂಭೋತ್ಸವದ ಆಹ್ವಾನ ಪತ್ರಿಕೆಯ ಪ್ರೂಫ್ ಬಂತು. ಇಂಗ್ಲಿಷ್ ತಿದ್ದಲು ಯತೀಶ ಅದನ್ನು ನನ್ನ ಕೈಗೇ ತಂದುಕೊಟ್ಟ. ದಪ್ಪ ಅಕ್ಷರದಲ್ಲಿ ಪೂಜೆಗೆ ಕೂರುವವರು ಮಿಸ್ಟರ್ ಅಂಡ್ ಮಿಸೆಸ್ ತೀರ್ಥೇಶ್. ಇನ್‌ಚಾರ್ಜ್ ಆದವರು ಜೋಡಿಯಾಗಿ ಕೂರುವುದು ನಮ್ಮ ಟ್ರಸ್ಟಿನ ಪದ್ಧತಿ. ಎಲ್ಲಕ್ಕಿಂತ ಕೆಳಗೆ, ವಂದನಾರ್ಪಣೆ, ಮಿಸ್ ಶಶಿರೇಖಾ. ಊಟಕ್ಕೆ ಎಲ್ಲರೂ ಎದ್ದ ಮೇಲೆ ಮಾತಾಡುವ ಕೆಲಸ.

ಆದರೆ ನನ್ನ ಕಣ್ಣು ನಿಂತದ್ದು ಆ ಮಿಸೆಸ್ ಮೇಲೆ. ಆ ಹೆಂಗಸಿಗೆ ಹೆಸರೇ ಇಲ್ಲ! ಹೋಮದ ಹೊಗೆಯಲ್ಲಿ ಎರಡು ಗಂಟೆ ಕೂರಬೇಕು, ಕಾರ್ಡಿನಲ್ಲಿ ಮಾತ್ರ ಅವಳು ಗಂಡನ ಹೆಸರಿಗೆ ಅಂಟಿಸಿದ ಚೀಟಿ. ಯಾರಿಗಾಗಿ ನಾನು ಎರಡು ವರ್ಷ ಜಾಗ ಬಿಟ್ಟು ಕೂತಿದ್ದೆನೋ ಅವಳಿಗಾಗಿ ಆ ಕ್ಷಣ ನನ್ನ ರಕ್ತ ಕುದಿಯಿತು.

ಮರುದಿನ ಬೆಳಿಗ್ಗೆ ಶಿರಾಳಕೊಪ್ಪದಲ್ಲಿ ಅವರು ಬಸ್ಸು ಹತ್ತಿದರು. ಹಿಂದಿನ ಸೀಟಿನಲ್ಲಿ ಕೂತು, ನನ್ನ ಕಡೆ ಬಾಗಿ ಕೇಳಿದರು.

"ಏನ್ರೀ, ಮುಖ ಹಿಂಗ್ಯಾಕದೆ?"

"ಕಂಗ್ರಾಟ್ಸ್ ಸರ್. ಇನ್‌ಚಾರ್ಜ್ ಆಗಿದೀರಂತೆ."

"ನಾನು ಒಪ್ಕೊಂಡಿದ್ದೇ ಒತ್ತಾಯಕ್ಕೆ. ನೀವೇ ಬೇಡ ಅಂದ್ರಂತಲ್ಲ?"

"ಯಾರು ಹೇಳಿದ್ರು?"

"ಸೆಕ್ರೆಟರಿ."

"ನಾನು ಬೇಡ ಅನ್ಲಿಲ್ಲ. ಬಾಗಿಲ ಮೇಲೆ ಮಿಸ್ ಅಂತ ಇದ್ರೆ ತೂಕ ಇಲ್ವಂತೆ. ಅದಿರಲಿ, ನಿಮ್ಮ ಮಿಸೆಸ್ ಹೆಸರು ಹೇಳಿ."

ಅವರ ಮುಖದಿಂದ ನಗು ಹೋಯಿತು.

"ಯಾಕ್ರೀ?"

"ಇನ್ವಿಟೇಶನ್ ಕಾರ್ಡಿಗೆ. ಪೂಜೆಗೆ ಕೂರೋಳಿಗೆ ಒಂದು ಹೆಸರು ಬೇಡ್ವಾ? ಅವರೇನು ನಿಮ್ಮ ಬಾಲಂಗೋಚಿನಾ? ಪ್ರೆಸ್ಸಿಗೆ ಹೋಗೋ ಮೊದ್ಲು ನಾನೇ ಹಾಕಿಸ್ತೀನಿ. ಹೇಳಿ."

ಅವರು ಹೊರಗೆ ನೋಡಿದರು. ನಾನು ಪೆನ್ನು ಹಿಡಿದೇ ಕೂತಿದ್ದೆ. ಇವಳ ಹೆಸರು ಬರೆದ ಮೇಲೆ ಈ ಬಸ್ಸೇ ಬೇಡ, ನಾಳೆಯಿಂದ ಬೇರೆ ಬಸ್ಸು ಎಂದು ನಿರ್ಧಾರ ಮಾಡಿದ್ದೆ.

"ಹೆಸರಿಲ್ಲ ರೀ."

"ಹೆಸರಿಲ್ಲದ ಹೆಂಡತಿ ಎಲ್ಲಾದ್ರೂ ಇರ್ತಾಳಾ?"

"ಹೆಂಡತೀನೇ ಇಲ್ಲ. ಮೂರು ವರ್ಷ ಆಯ್ತು, ಶಿಕಾರಿಪುರದ ಕೋರ್ಟಲ್ಲೇ ಆಗಿದ್ದು. ಚಪಾತಿ ನಾನೇ ಮಾಡ್ಕೋತೀನಿ. ಮನೇಲಿ ಅಮ್ಮ ಇದಾಳೆ, ದುರ್ಗಮ್ಮ ಅಂತ. ನಿಮ್ಮ ಉಪ್ಪಿನಕಾಯಿ ತಿಂದೋಳು ಅವಳೇ."

ಬಸ್ಸು ಯಾವುದೋ ಸ್ಟಾಪಿನಲ್ಲಿ ನಿಂತಿತು, ಜನ ಇಳಿದರು, ಹತ್ತಿದರು.

"ಆಫೀಸಿಗೆ ಗೊತ್ತಾ?"

"ಯತೀಶಂಗೆ ಆರ್ಡರ್ ಕಾಪಿ ಕೊಟ್ಟಿದ್ನಲ್ಲ. ನಾಮಿನಿ ಅಮ್ಮನ ಹೆಸರಿಗೆ ಮಾಡಿ ಫೈಲ್ ಮುಚ್ಚಿದ."

"ಮತ್ತೆ ನಿಮ್ಮ ಐಡಿ ಕಾರ್ಡು?"

"ಕಾರ್ಡಲ್ಲಿ ಬದಲಿಸೋಕೆ ಏನಿತ್ತು ರೀ?"

ಸಂತೋಷವಾಗಬೇಕಿತ್ತು ಅಲ್ಲವೇ? ಬೇರೆ ಯಾರಿಗಾದರೂ ಆಗುತ್ತಿತ್ತೋ ಏನೋ. ನನಗೆ ಬಂದದ್ದು ಜೀವಮಾನದಲ್ಲೇ ಬರದಿದ್ದಷ್ಟು ಸಿಟ್ಟು. ಒಂದೇ ಕೋರ್ಟು, ಒಂದೇ ಕ್ಲರ್ಕು. ನನ್ನ ಕಾಗದ ಕೊರಳಿಗೆ ಬಂತು, ಅವರದು ಕಪಾಟಿಗೆ ಹೋಯಿತು.

"ಎರಡು ವರ್ಷ!" ಎಂದೆ. ಕಂಡಕ್ಟರ್ ತಿರುಗಿ ನೋಡಿದ. "ಎರಡು ವರ್ಷ ನಾನು ಒಬ್ಬಳಿಗೆ ಹೆದರಿ ಬದುಕಿದೆ. ಅವಳಿಗೆ ಬೇಜಾರಾಗಬಾರದು ಅಂತ ನಿಮ್ಮ ಹತ್ರ ನಕ್ಕಿಲ್ಲ. ಅವಳಿಗೆ ಉಪ್ಪಿನಕಾಯಿ ಬೇರೆ ಕೊಟ್ಟೆ! ಆಗಲಾದ್ರೂ ಬಾಯಿ ಬಿಡಬಾರದಿತ್ತಾ?"

"ಬಾಟಲಿ ವಾಪಸ್ ಇಸ್ಕೊಂಡ್ರೆ ಅಂತ..."

"ತಮಾಷೆ ಬೇಡ."

"ಇಲ್ಲ. ಆಗ ನೀವು ಮಿಸೆಸ್ ಇದ್ರಿ. ಗಂಡ ಇರೋರ ಹತ್ರ ಹೋಗಿ ನಾನು ಒಬ್ನೇ ಇದೀನಿ ಅಂತ ಹೇಳೋದು ಹೆಂಗೆ? ನಾಳೆಯಿಂದ ಸೀಟು ಹಿಡಿಯೋದೂ ಬಿಡ್ತಿದ್ರಿ." ಅವರ ದನಿ ಸಣ್ಣಗಾಯಿತು. "ಜೂನ್‌ನಾಗೆ ನಿಮ್ಮ ಕಾರ್ಡ್ ನೋಡ್ದೆ ನೋಡ್ರಿ, ಆ ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ. ಖುಷಿಗೆ. ನನಗೆ ನೀವಂದ್ರೆ ಬಹಳ ಇಷ್ಟ ಶಶಿರೇಖಾ ಅವ್ರೇ. ನಿಮ್ಮ ನೋವು ಸ್ವಲ್ಪ ಆರ್ಲಿ, ಆಮೇಲೆ ಹೇಳೋಣ ಅಂತ ಇದ್ದೆ."

"ನನಗೂ ಅವತ್ತು ನಿದ್ದೆ ಬರ್ಲಿಲ್ಲ. ನಾಚಿಕೆಗೆ. ಅದೇ ಕಾರ್ಡಿಗೆ. ನೀವು ನನ್ನ ಕುತ್ತಿಗೆ ನೋಡಿ ನನ್ನ ಕಥೆಯೆಲ್ಲ ಓದ್ಕೊಂಡ್ರಿ. ನಾನು ನಿಮ್ಮದು ಏನು ನೋಡಿ ಓದ್ಲಿ?"

ನಾನು ಎದ್ದು ಮುಂದಿನ ಹೆಂಗಸರ ಸೀಟಿಗೆ ಹೋಗಿ, ಬುಟ್ಟಿ ಹಿಡಿದ ಅಜ್ಜಿಯೊಬ್ಬರ ಪಕ್ಕ ಕೂತೆ. ಸೊರಬದವರೆಗೆ ತಿರುಗಿ ನೋಡಲಿಲ್ಲ. ಒಳಗೆ ಕುಣಿದಾಡುವಷ್ಟು ಸಂತೋಷವೂ ಇತ್ತು, ಸುಳ್ಳು ಯಾಕೆ ಹೇಳಲಿ. ಆ ಸಂತೋಷದ ಮೇಲೂ ಸಿಟ್ಟು ಬರುತ್ತಿತ್ತು.

ಮಧ್ಯಾಹ್ನ ಆಹ್ವಾನ ಪತ್ರಿಕೆ ಅಂತಿಮ ಮಾಡಲು ಸೊರಬದ ಆಫೀಸಿನಲ್ಲಿ ಎಲ್ಲರೂ ಸೇರಿದರು. ಸದಾಶಿವಪ್ಪ, ಪ್ರೂಫ್ ಹಿಡಿದ ಯತೀಶ, ಪೋಷಕರ ಕಡೆಯಿಂದ ಹುಲಿಗೆಮ್ಮ. ಹುಲಿಗೆಮ್ಮ ಸಂತೆಯಲ್ಲಿ ತರಕಾರಿ ಮಾರುವವರು, ಇಬ್ಬರು ಹೆಣ್ಣುಮಕ್ಕಳು ನಮ್ಮಲ್ಲೇ ಓದುತ್ತಾರೆ.

"ಎಲ್ಲಾ ಸರಿ ಅದೆಯಾ?" ಎಂದರು ಸದಾಶಿವಪ್ಪ.

ತೀರ್ಥೇಶ್ ಎದ್ದು ನಿಂತರು.

"ಒಂದು ತಪ್ಪದೆ ಸರ್. ಮಿಸೆಸ್ ತೀರ್ಥೇಶ್ ಅಂತ ಯಾರೂ ಇಲ್ಲ. ನನಗೆ ಡೈವೋರ್ಸ್ ಆಗಿ ಮೂರು ವರ್ಷ. ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಹೇಳ್ಬೇಕಾಗಿತ್ತು."

ಯತೀಶ ಪ್ರೂಫಿನಲ್ಲಿ ಮುಖ ಮುಚ್ಚಿಕೊಂಡ. ಸದಾಶಿವಪ್ಪ ಎರಡೂ ಕೈ ಎತ್ತಿದರು.

"ಛೆ ಛೆ, ನಾಲ್ಕು ಜನರ ಮುಂದೆ ಇದೆಲ್ಲ ಯಾಕ್ರೀ? ಅದು ನಿಮ್ಮ ಸ್ವಂತ ವಿಷಯ. ಶಾಲೆಗೂ ಅದಕ್ಕೂ ಏನು ಸಂಬಂಧ? ಮಿಸೆಸ್ ತೆಗೆದ್ರಾಯ್ತು, ಮಿಸ್ಟರ್ ತೀರ್ಥೇಶ್ ಅಂತ ಹಂಗೇ ಇರ್ಲಿ."

"ಆ ಮಾತು ನನಗೆ ಯಾಕಿಲ್ಲ ಸರ್?"

ನನ್ನ ದನಿ ಎಷ್ಟು ಜೋರಾಗಿತ್ತೆಂದರೆ ಪಕ್ಕದ ಕ್ಲಾಸಿನ ಮಗ್ಗಿ ನಿಂತುಹೋಯಿತು.

"ಅವರದು ಸ್ವಂತ ವಿಷಯ, ನನ್ನದು ಬೋರ್ಡಿನ ವಿಷಯ. ಹೇಗೆ ಸರ್? ಅವರಿಗೂ ಅದೇ ಕೋರ್ಟು ಅದೇ ಆರ್ಡರು ಕೊಟ್ಟಿದ್ದು. ಅವರು ಸಂಸಾರಸ್ಥರು, ನನಗೆ ತೂಕ ಇಲ್ಲ. ಇಲ್ಲದ ಹೆಂಡತಿಗೆ ಕಾರ್ಡಲ್ಲಿ ದಪ್ಪ ಅಕ್ಷರದ ಜಾಗ ಇದೆ. ಎರಡು ವರ್ಷ ಈ ಶಾಲೆ ಹೊತ್ತವಳಿಗೆ ಊಟದ ಹೊತ್ತಿನ ವಂದನಾರ್ಪಣೆ!"

"ನಾನೆಲ್ಲಿ ಬೇಡ ಅಂದೆ ತಾಯಿ, ಪೋಷಕರು..."

"ಯಾವ ಪೋಷಕರು?" ಹುಲಿಗೆಮ್ಮ ಕೇಳಿದರು. ಅವರು ಎಲೆ ಅಡಿಕೆ ಬಾಯಿಗೆ ಹಾಕುವುದನ್ನು ನಿಲ್ಲಿಸಿದ್ದರು. "ನಮ್ಮನ್ನ ಯಾರ್ ಕೇಳಿದ್ರು? ನನ್ನ ದೊಡ್ಡ ಮಗಳಿಗೆ ಭಾಗಾಕಾರ ಬರ್ತಿರ್ಲಿಲ್ಲ, ಇವ್ರು ಕಲ್ಸಿದ್ರು. ಈಗ ಸಂತೇಲಿ ನನ್ನ ತಪ್ಪು ಅವಳು ಹಿಡೀತಾಳೆ. ಇವ್ರ ಮನೇಲಿ ಗಂಡ ಇದಾನೋ ಇಲ್ವೋ, ಅದನ್ನ ಕಟ್ಕಂಡು ನಮಗೆಂತ ಆಗ್ಬೇಕು? ನಮ್ಮ ಹೆಸರು ಹೇಳಿ ನೀವು ಹೀಗೆಲ್ಲ ಮಾಡ್ಬೇಡಿ ಮಾರಾಯ್ರೆ."

ಸದಾಶಿವಪ್ಪ ಕನ್ನಡಕ ತೆಗೆದು ಒರೆಸಿದರು. ನಮ್ಮಿಬ್ಬರನ್ನೂ ನೋಡಿದರು. ಇದ್ದಕ್ಕಿದ್ದಂತೆ ಅವರ ಮುಖ ಅರಳಿತು.

"ಇಬ್ರೂ ಹಿಂಗೇ ಇದೀರಿ ಅಂದ್ಮೇಲೆ ನೀವಿಬ್ರೇ ಯಾಕೆ ಮದುವೆ ಆಗಬಾರದು? ಆಗ ಬೋರ್ಡಲ್ಲಿ ಮಿಸೆಸ್ ಶಶಿರೇಖಾ ತೀರ್ಥೇಶ್ ಅಂತ ಹಾಕ್ಸಿ ನಿನಗೇ ಕೊಟ್ಬಿಡ್ತೀನಿ. ಪೂಜೆಗೂ ಜೋಡಿ ಆಯ್ತು!"

ತೀರ್ಥೇಶ್ ನನ್ನ ಕಡೆ ನೋಡಿದರು. ಆ ಕಣ್ಣಿನಲ್ಲಿ ಎಷ್ಟು ಆಸೆ ಇತ್ತೆಂದರೆ ಒಂದು ಗಳಿಗೆ ನನಗೂ ಮನಸ್ಸು ಕರಗಿತು. ಹೂಂ ಅಂದರೆ ಶಾಲೆಯೂ ಸಿಗುತ್ತದೆ, ಅವರೂ ಸಿಗುತ್ತಾರೆ. ನನಗೆ ಬೇಕಿದ್ದದ್ದು ಅವೆರಡೇ.

"ಸರ್," ಎಂದೆ, "ನಾನು ಇನ್‌ಚಾರ್ಜ್ ಕೊಡಿ ಅಂತ ಕೇಳಿದ್ದು. ಗಂಡನ್ನ ಕೊಡಿ ಅಂತ ಕೇಳಿಲ್ಲ. ಕೊಡೋದಿದ್ರೆ ನನ್ನ ಕೆಲಸ ನೋಡಿ ಕೊಡಿ. ಇಲ್ಲಾಂದ್ರೆ ಇವತ್ತೇ ರಾಜೀನಾಮೆ ತಗೊಳ್ಳಿ."

"ನನ್ನದೂ ತಗೊಳ್ರಿ," ಎಂದರು ತೀರ್ಥೇಶ್. "ಇನ್‌ಚಾರ್ಜ್ ಅಂತೂ ನಾನು ಆಗಲ್ಲ. ಅವ್ರ ಕೈಕೆಳಗೆ ಬೇಕಾದ್ರೆ ಕೆಲಸ ಮಾಡ್ತೀನಿ."

ಹುಲಿಗೆಮ್ಮ ಕೂಡ ಎದ್ದರು. "ನನ್ನ ಎರಡು ಮಕ್ಕಳ ಟಿಸಿನೂ ಬರೀರಿ ಹಾಗಾದ್ರೆ."

ಸದಾಶಿವಪ್ಪನವರಿಗೆ ಹುಲಿಗೆಮ್ಮನ ಮಕ್ಕಳು ಮಾತ್ರವಲ್ಲ, ಹುಲಿಗೆಮ್ಮ ಸಂತೆಯಲ್ಲಿ ಹೇಳಿಕೊಂಡು ಬರುವ ಮಾತೂ ಕಣ್ಣಿಗೆ ಕಟ್ಟಿರಬೇಕು. "ಒಂದು ವರ್ಷ ನೋಡೋಣ, ಶಶಿರೇಖಾ ಅವ್ರೇ ಇರ್ಲಿ" ಎಂದು ಗೊಣಗಿ ಪ್ರೂಫಿಗೆ ಸಹಿ ಹಾಕಿದರು.

"ಹೆಸರಿನ ಮುಂದೆ ಏನ್ ಹಾಕ್ಲಿ?" ಯತೀಶ ಮೆಲ್ಲಗೆ ಕೇಳಿದ.

"ಏನೂ ಬೇಡ. ಹೆಸರಿದೆಯಲ್ಲ, ಸಾಕು."

ಸಂಜೆ ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಶಿಕಾರಿಪುರದ ಬಸ್ಸಿಗೆ ಕಾಯುತ್ತಿದ್ದೆ. ತೀರ್ಥೇಶ್ ಬಂದು ಎರಡು ಮಾರು ದೂರದಲ್ಲಿ ನಿಂತರು. ಹತ್ತಿರ ಬರಲು ಹೆದರಿಕೆ. ಬೆಳಗಿನ ಸಿಟ್ಟು ಇನ್ನೂ ಇದೆಯೋ ಎಂದು ಓರೆಗಣ್ಣಿನಲ್ಲಿ ನೋಡುತ್ತಿದ್ದರು.

"ಬನ್ನಿ, ಕಚ್ಚಲ್ಲ," ಎಂದೆ.

ಬಂದರು. ಡಬ್ಬಿಯ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು.

"ಗಂಡನ್ನ ಕೇಳಿಲ್ಲ ಅಂದ್ರಿ ನೀವು. ನಾನಾಗೇ ಕೇಳಿದ್ರೆ?"

"ಇವತ್ತು ಕೇಳ್ಬೇಡಿ."

"ಇಷ್ಟ ಇಲ್ವೇನ್ರೀ?"

ಅವರ ಮುಖ ಅಷ್ಟು ಸಣ್ಣಗಾದದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಇಷ್ಟ ಮಾರಾಯ್ರೆ! ಎರಡು ವರ್ಷದಿಂದ ಇಷ್ಟ. ಇಲ್ಲಾಂದ್ರೆ ಇಷ್ಟು ಸಿಟ್ಟು ಯಾಕೆ ಬರ್ತಿತ್ತು? ಆದ್ರೆ ಈಗ್ಲೇ ಹೂಂ ಅಂದ್ರೆ ಮದುವೆ ಮಾಡ್ಕೊಂಡು ಇನ್‌ಚಾರ್ಜ್ ಆದ್ಳು ಅಂತಾರೆ. ಒಂದು ವರ್ಷ ನಾನು ಆ ಕುರ್ಚಿಲಿ ನನ್ನ ಹೆಸರಲ್ಲೇ ಕೂತ್ಕೋತೀನಿ. ಆಮೇಲೆ ಕೇಳಿ. ಆಗಲೂ ನನ್ನ ಹೆಸರು ಬದಲಾಗಲ್ಲ, ಈಗಲೇ ಹೇಳಿದೀನಿ."

"ಹೆಸರು ಬಿಡ್ರಿ, ನೀವು ಸಿಕ್ರೆ ಸಾಕು. ಆದ್ರೆ ಒಂದು ವರ್ಷ ಅಂದ್ರೆ ಬಹಳ ಆಯ್ತಲ್ರೀ..."

"ನಾನು ಎರಡು ವರ್ಷ ಇಲ್ಲದ ಹೆಂಗಸಿಗೆ ಜಾಗ ಬಿಟ್ಟು ಕೂತಿದ್ದೆ. ನೀವು ಇರೋ ಹೆಂಗಸಿಗೆ ಒಂದು ವರ್ಷ ಕಾಯಿರಿ."

ಅವರು ನಕ್ಕರು. ಕಣ್ಣಲ್ಲಿ ನೀರಿತ್ತು. ಕೈ ಹಿಡಿಯಲೋ ಬೇಡವೋ ಎಂದು ಅವರಿನ್ನೂ ಸುತ್ತ ನೋಡುತ್ತಿರುವಾಗ ನಾನೇ ಹಿಡಿದೆ. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ ಎಂದು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡೆ.